ಇಲ್ಲುಗಿಯ ಮೊಣಕಾಲು

ಹಾಲ್‌ಸ್ಟೈನ್ ಸೆಲ್ವೀಕ್ ಊರಿನ ಫುಟ್‌ಬಾಲ್ ತಂಡಕ್ಕೆ ಕೋಚ್ ಆದದ್ದು ಬೇರೆ ಯಾರೂ ಒಪ್ಪಲಿಲ್ಲವೆಂದು. ಹಗಲೆಲ್ಲ ಬಂದರಿನ ಶೆಡ್ಡಿನಲ್ಲಿ ದೋಣಿಗಳ ಎಂಜಿನ್ ಬಿಚ್ಚಿ ಜೋಡಿಸುವುದು ಅವನ ಕೆಲಸ. ಸಂಜೆಯಾದರೆ ಕೈಯ ಗ್ರೀಸು ಪೂರ್ತಿ ಬಿಡುವ ಮೊದಲೇ ಮೈದಾನದಲ್ಲಿ ಹಾಜರು. ಮೀನು ಹಿಡಿಯುವವರು, ಮೀನು ಕೊಯ್ಯುವವರು, ಬ್ಯಾಂಕಿನ ಗುಮಾಸ್ತನೊಬ್ಬ, ಪಾದ್ರಿಯ ಅಳಿಯನೊಬ್ಬ, ಇಂಥವರನ್ನು ಕಟ್ಟಿಕೊಂಡು ಆ ಪುಟ್ಟ ಊರಿನ ತಂಡವನ್ನು ಅವನು ಐಸ್‌ಲ್ಯಾಂಡಿನ ಮೇಲಿನ ಲೀಗಿಗೆ ಹತ್ತಿಸಿದಾಗ ಊರಿನವರೇ ಅದನ್ನು ನಂಬಲಿಲ್ಲ. ಹತ್ತಿದ್ದೇನೋ ಆಯಿತು, ಅಲ್ಲಿ ನಿಲ್ಲುವುದು ಕಷ್ಟವಾಯಿತು. ಬೇಸಿಗೆ ಕಳೆದು ಸೆಪ್ಟೆಂಬರ್ ಬರುವ ಹೊತ್ತಿಗೆ ತಂಡ ಸೋತು ಸೋತು ತಳಕ್ಕೆ ಬಂದು ಕೂತಿತ್ತು. ತಳದ ಎರಡು ತಂಡಗಳು ಕೆಳಗಿನ ಲೀಗಿಗೆ ಬೀಳಬೇಕು. ಉಳಿದದ್ದು ಒಂದೇ ಆಟ.

ಊರಿನ ಗಂಡಸರ ಪಂಚಾಯಿತಿ ನಡೆಯುವುದು ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ. ಕತ್ತಿನವರೆಗೆ ನೀರಿನಲ್ಲಿ ಮುಳುಗಿ, ತಲೆಗೆ ಉಣ್ಣೆ ಟೊಪ್ಪಿ ಹಾಕಿಕೊಂಡು ಅವರು ಹಾಲ್‌ಸ್ಟೈನನನ್ನು ದಿನವೂ ಹುರಿದು ತಿನ್ನುತ್ತಿದ್ದರು. ಆ ನಾಡಿನಲ್ಲಿ ಚಿಕ್ಕವರು ದೊಡ್ಡವರು ಅಂತಿಲ್ಲ, ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ.

"ಹಾಲ್‌ಸ್ಟೈನ್, ನಿನ್ನ ಗೋಲ್‌ಕೀಪರ್ ಬಲೆ ಕಾಯ್ತಾನೋ ಇಲ್ಲಾ ನಿಂತ್ಕೊಂಡು ಬಲೆ ಹೆಣೀತಾನೋ?" ಎಂದು ಕೇಳುತ್ತಿದ್ದ ಗ್ರೀಮುರ್. ಅವನು ಮೀನಿನ ಕಾರ್ಖಾನೆಯ ಯಜಮಾನ, ಕ್ಲಬ್ಬಿನ ಅಧ್ಯಕ್ಷನೂ ಹೌದು.

"ಹೆಣೀಲಿ ಬಿಡು. ನಿನ್ನ ದೋಣಿಯವರಂತೂ ಹೆಣೆಯಲ್ಲ, ಹರ್ಕೊಂಡು ಬರ್ತಾರೆ," ಎನ್ನುತ್ತಿದ್ದ ಹಾಲ್‌ಸ್ಟೈನ್. ಮಾತಿನಲ್ಲಿ ಬಿಟ್ಟುಕೊಡುವ ಆಳಲ್ಲ ಅವನು. ಆದರೆ ಮನೆಗೆ ಹೋದ ಮೇಲೆ ಊಟ ಸೇರುತ್ತಿರಲಿಲ್ಲ.

ಕೊನೆಯ ಆಟ ರಾಜಧಾನಿಯ ದೊಡ್ಡ ತಂಡವೊಂದರ ಮೇಲೆ, ಸೆಲ್ವೀಕಿನಲ್ಲೇ. ಆ ತಂಡದ ಬಲಬದಿ ಕಾಯುವ ಆಟಗಾರ, ಬಲ ಬ್ಯಾಕ್ ಇಲ್ಲುಗಿ, ಹಾಲ್‌ಸ್ಟೈನನ ಒಬ್ಬನೇ ಮಗ. ಗಾಳಿ ಬೀಸಿದರೆ ಚೆಂಡು ಸಮುದ್ರಕ್ಕೇ ಹೋಗುವ ಜಲ್ಲಿ ಮೈದಾನದಲ್ಲಿ ಅಪ್ಪನ ಕೈಯಲ್ಲಿ ಆಟ ಕಲಿತವನು. ಹದಿಹರೆಯ ದಾಟುವುದರೊಳಗೆ ರಾಜಧಾನಿಯವರು ಕರೆದುಕೊಂಡು ಹೋದರು. ಈಗ ಅವನ ಹೆಸರು ರೇಡಿಯೋದಲ್ಲಿ ಬರುತ್ತದೆ. ವಸಂತದಲ್ಲಿ ಆಟಗಳ ಪಟ್ಟಿ ಹೊರಬಿದ್ದಾಗಲೇ ಊರು ನಕ್ಕಿತ್ತು. ಕೊನೆಯ ದಿನ ಅಪ್ಪ ಮಗ ಎದುರುಬದುರು! ನೀನು ಯಾರ ಕಡೆ ಕೂಗ್ತೀಯಾ ಎಂದು ಹಾಲ್‌ಸ್ಟೈನನ ಹೆಂಡತಿ ಸಾಲ್ವೊರ್‌ಳನ್ನು ಎಲ್ಲರೂ ಕೇಳಿದರು.

"ನಾನು ಕಾಫಿ ಮಾರೋ ಕಡೆ," ಎಂದಳು ಅವಳು. ಸಾಲ್ವೊರ್ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಾತು ಕಡಿಮೆ, ಆಡಿದರೆ ನಾಟುತ್ತಿತ್ತು.

ಆಟಕ್ಕೆ ಒಂದು ವಾರ ಇರುವಾಗ, ಭಾನುವಾರ ಮಧ್ಯಾಹ್ನ, ಇಲ್ಲುಗಿ ಫೋನ್ ಮಾಡಿದ. ಸಾಲ್ವೊರ್ ಡ್ಯೂಟಿಗೆ ಹೋಗಿದ್ದಳು. ಹಾಲ್‌ಸ್ಟೈನ್ ಒಲೆಯ ಮುಂದೆ ನಿಂತು ಮೀನು, ಆಲೂಗಡ್ಡೆ ಬೇಯಿಸುತ್ತಿದ್ದ.

"ಅಮ್ಮ ಇದಾಳಾ?"

"ಇಲ್ಲ. ಡ್ಯೂಟಿ."

"ಒಳ್ಳೇದೇ ಆಯ್ತು. ಅಪ್ಪ, ಒಂದು ವಿಷ್ಯ. ಯಾರಿಗೂ ಹೇಳ್ಬಾರ್ದು ಮತ್ತೆ."

"ಏನೋ ಅದು? ಎಡ್ಡಾ ಬಸುರಿನಾ?"

ಎಡ್ಡಾ ಇಲ್ಲುಗಿಯ ಜೊತೆ ಬಾಳುತ್ತಿದ್ದ ಹುಡುಗಿ. ಇಲ್ಲುಗಿ ನಕ್ಕ, ಆದರೆ ಆ ನಗುವಿನಲ್ಲಿ ಉಸಿರಿರಲಿಲ್ಲ. "ಅಲ್ಲಪ್ಪ. ನನ್ನ ಬಲಗಾಲು, ಮೊಣಕಾಲು. ನೇರ ಓಡೋಕೆ ಏನೂ ತೊಂದ್ರೆ ಇಲ್ಲ. ಆದ್ರೆ ಕಾಲೂರಿ ಫಕ್ಕನೆ ಒಳಕ್ಕೆ ತಿರುಗಿದ್ರೆ ಏನೋ ಜಾರಿದ ಹಾಗೆ ಆಗತ್ತೆ. ಗಂಟು ಬಿಟ್ಟು ಹೋದ ಹಾಗೆ."

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿದ್ರೆ ಬೆಂಚಲ್ಲಿ ಕೂರಿಸ್ತಾರೆ. ನಾರ್ವೆ ಕ್ಲಬ್ಬಿನವರು ಈ ಆಟ ನೋಡೋಕೇ ಬರ್ತಿದಾರೆ, ನನ್ನ ನೋಡೋಕೆ. ಇದೊಂದು ಮುಗಿದ್ರೆ ಚಳಿಗಾಲ ಪೂರ್ತಿ ಇದೆ, ಆಮೇಲೆ ನೋಡ್ಕೋತೀನಿ."

"ಆಡ್ಬೇಡ ಮಗಾ. ಕಾಲು ಇದ್ರೆ ನಾರ್ವೆ."

"ಆಡ್ತೀನಿ ಅಪ್ಪ. ಅದ್ಕೆ ನೀನು ಏನೂ ಹೇಳೋದು ಬೇಡ."

"ಮತ್ತೆ ನಂಗ್ಯಾಕೆ ಹೇಳಿದೆ?"

"ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು. ಒಬ್ನೇ ಇಟ್ಕೊಂಡಿರೋಕೆ ಭಯ ಆಗ್ತಿತ್ತು. ಅಮ್ಮಂಗೆ ಹೇಳ್ಬೇಡ. ಅವಳು ನೆಟ್ಟಗೆ ನಮ್ಮ ಕ್ಲಬ್ ಡಾಕ್ಟರಿಗೇ ಫೋನ್ ಮಾಡ್ತಾಳೆ."

ಹಾಲ್‌ಸ್ಟೈನ್ ಮಂಜುಗಡ್ಡೆ ಇಡು, ಬಿಗಿಯಾಗಿ ಪಟ್ಟಿ ಸುತ್ತು ಎಂದೆಲ್ಲ ಹೇಳಿದ. ಫೋನ್ ಇಟ್ಟಾಗ ಮೀನು ಬೆಂದು ಚೂರುಚೂರಾಗಿತ್ತು. ಸಾಲ್ವೊರ್ ಬಂದು ಏನು ಸಮಾಚಾರ ಎಂದಾಗ, "ಇಲ್ಲುಗಿ ಫೋನ್ ಮಾಡಿದ್ದ, ಚೆನ್ನಾಗಿದಾನೆ," ಎಂದ. ಮಗ ನಂಬಿ ಹೇಳಿದ ಮಾತು. ಕಾಪಾಡಬೇಕಾದದ್ದು ತನ್ನ ಧರ್ಮ ಎಂದು ಅವನಿಗೆ ಒಂದು ಬಗೆಯ ಹೆಮ್ಮೆಯೇ ಆಗಿತ್ತು.

ಆ ವಾರ ಅವನು ಅದನ್ನು ಯೋಚಿಸಲಿಲ್ಲ, ಅಥವಾ ಯೋಚಿಸಲಿಲ್ಲ ಎಂದುಕೊಂಡ. ಬುಧವಾರ ಹಲಗೆಯ ಮೇಲೆ ಬಿಲ್ಲೆಗಳನ್ನು ಇಟ್ಟು ಎದುರಾಳಿ ಹೇಗೆ ನಿಲ್ಲುತ್ತಾರೆ ಎಂದು ಹುಡುಗರಿಗೆ ತೋರಿಸುತ್ತಿದ್ದ. ಬಲ ಬ್ಯಾಕಿನ ಜಾಗಕ್ಕೆ ಬಂದಾಗ ಕೈ ತಾನಾಗಿ ನಿಂತಿತು. "ಇಲ್ಲಿ ಇಲ್ಲುಗಿ. ಇವನನ್ನು ನೀವೆಲ್ಲ ಬಲ್ಲಿರಿ," ಎಂದು ಬಿಲ್ಲೆ ಇಟ್ಟು ಮುಂದಕ್ಕೆ ಹೋದ.

ಆಟದ ದಿನ ಬಡಗಣ ಗಾಳಿ. ಹೊಸ ಹಿಮ ಬೆಟ್ಟದ ಅರ್ಧದವರೆಗೆ ಇಳಿದಿತ್ತು. ಮೈದಾನದ ಸುತ್ತ ಕಾರುಗಳು ಮೂತಿ ಒಳಗೆ ಮಾಡಿ ಸಾಲಾಗಿ ನಿಂತವು. ಚಳಿಗೆ ಹೆದರುವವರು ಒಳಗೆ ಕೂತೇ ನೋಡುತ್ತಾರೆ, ಗೋಲು ಬಿದ್ದರೆ ಹಾರ್ನ್ ಹೊಡೆಯುತ್ತಾರೆ. ಸಾಲ್ವೊರ್ ಮಹಿಳಾ ಮಂಡಳಿಯ ಮೇಜಿನ ಹಿಂದೆ ನಿಂತು ಕಾಫಿ ಬಗ್ಗಿಸುತ್ತಿದ್ದಳು. ಇಲ್ಲುಗಿ ಬಸ್ಸಿನಿಂದ ಇಳಿದವನೇ ಅವಳನ್ನು ಅಪ್ಪಿಕೊಂಡು, ಮೇಜಿನ ಮೇಲಿನ ಕರಿದ ತಿಂಡಿಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಅಪ್ಪನ ಹತ್ತಿರ ಬಂದ.

"ನಿನ್ನ ಮುದುಕರು ಓಡ್ತಾರಾ ಇವತ್ತು?"

"ಗಾಳಿ ಹಿಂದಿನಿಂದ ತಳ್ಳಿದ್ರೆ ಓಡ್ತಾರೆ."

ಹಾಲ್‌ಸ್ಟೈನನ ಕಣ್ಣು ಮಗನ ಕಾಲಿನ ಕಡೆ ಹೋಯಿತು. ಇಲ್ಲುಗಿ ಮೊಣಕಾಲನ್ನು ಅಂಗೈಯಿಂದ ತಟ್ಟಿ ಕಣ್ಣು ಮಿಟುಕಿಸಿದ. ಅಷ್ಟೇ.

ಮೊದಲ ಅರ್ಧ ಸೆಲ್ವೀಕಿನವರಿಗೆ ಎದುರುಗಾಳಿ. ಇಲ್ಲುಗಿ ಬಲಗಡೆಯಿಂದ ಓಡಿ ಬಂದು ಹಾಕಿದ ಚೆಂಡಿಗೆ ಅವನ ತಂಡದವನೊಬ್ಬ ತಲೆ ಕೊಟ್ಟ, ಗೋಲು. ಕಾರುಗಳು ಮೂಕವಾಗಿ ಕೂತವು. ಎಂಥ ಚೆಂಡು ಹಾಕಿದ ನನ್ನ ಮಗ ಎಂದು ಹಾಲ್‌ಸ್ಟೈನನ ಎದೆ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಹೊಟ್ಟೆ ಉರಿಯಿತು. ಅಷ್ಟರಲ್ಲಿ ರೇಡಿಯೋ ಹಿಡಿದವನೊಬ್ಬ ಬಂದು, ಅತ್ತ ಇನ್ನೊಂದು ಮೈದಾನದಲ್ಲಿ ತಮ್ಮ ಜೊತೆ ತಳದಲ್ಲಿದ್ದ ತಂಡ ಗೆಲ್ಲುತ್ತಿದೆ ಎಂದ. ಸೆಲ್ವೀಕ್ ಉಳಿಯಬೇಕಾದರೆ ಕನಿಷ್ಠ ಡ್ರಾ ಆಗಲೇಬೇಕು.

ಹಾಫ್ ಟೈಮಿನಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಒದ್ದೆ ಬೂಟುಗಳ ವಾಸನೆ. ಯಾರೂ ತಲೆ ಎತ್ತುತ್ತಿಲ್ಲ. ಗ್ರೀಮುರ್ ಬಾಗಿಲು ತೆರೆದು ಇಣುಕಿ, "ಹಾಲ್‌ಸ್ಟೈನ್, ಏನಾದ್ರೂ ಮಾಡಪ್ಪ," ಎಂದು ಬಾಗಿಲು ಹಾಕಿಕೊಂಡು ಹೋದ. ಈ ಸಲ ಅವನ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ಹಾಲ್‌ಸ್ಟೈನನಿಗೆ ಹೆಚ್ಚು ತಾಗಿದ್ದು.

ಎಡ ಪಕ್ಕದಲ್ಲಿ ಆಡುವ ಓತ್ತಾರ್ ಮೀನು ಕಾರ್ಖಾನೆಯ ಕೆಲಸಗಾರ. ಜಿಂಕೆಯ ಕಾಲು, ಮಗುವಿನ ಮನಸ್ಸು. ಅವನು ಮುಖ ಒರೆಸಿಕೊಳ್ಳುತ್ತ ಕೇಳಿದ, "ಇಲ್ಲುಗಿ ನನ್ನ ದಾಟೋಕೇ ಬಿಡ್ತಿಲ್ಲ. ಗೋಡೆ ಥರ ನಿಂತ್ಬಿಡ್ತಾನೆ. ಏನ್ಮಾಡ್ಲಿ?"

ಅದಕ್ಕೆ ಉತ್ತರ ಗೊತ್ತಿದ್ದವನು ಅಲ್ಲಿ ಹಾಲ್‌ಸ್ಟೈನ್ ಒಬ್ಬನೇ. ಗೊತ್ತಿಲ್ಲ ಎನ್ನಬಹುದಿತ್ತು. ಬೇರೆ ಕಡೆಯಿಂದ ನುಗ್ಗು ಎನ್ನಬಹುದಿತ್ತು. ಅವನು ದಿನವೂ ಪಾಠ ಹೇಳುವ ದನಿಯಲ್ಲೇ, ಸ್ಪ್ಯಾನರ್ ಎಲ್ಲಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟ:

"ಹೊರಕ್ಕೆ ಹೋದ ಹಾಗೆ ಮಾಡಿ ತಟ್ಟಂತ ಒಳಕ್ಕೆ ಬಾ. ಅವನು ಬಲಗಾಲೂರಿ ತಿರುಗಲಾರ."

"ಹೌದಾ? ನಿಂಗೆ ಹೇಗೆ ಗೊತ್ತು?"

"ನನ್ನ ಮಗ. ನಂಗೆ ಗೊತ್ತಿರಲ್ವಾ?"

ಕೋಣೆಯಲ್ಲಿ ಒಂದಿಬ್ಬರು ನಕ್ಕರು. ಅವನೂ ನಕ್ಕ.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೇ ಕೋಚ್ ಹೇಳಿದ ಹಾಗೆ ಓತ್ತಾರ್ ಮಾಡಿದ. ಹೊರಕ್ಕೆ ವಾಲಿ ಒಳಕ್ಕೆ ತಿರುಗಿದ. ಇಲ್ಲುಗಿ ಅವನನ್ನು ಹಿಡಿದ, ಆದರೆ ತಡವರಿಸಿ ಹಿಡಿದ. ಒಂದು ಹೆಜ್ಜೆ ಕುಂಟಿ ಸರಿಯಾದ. ಇನ್ನೊಂದು ಸಲ ಓತ್ತಾರ್ ಅದನ್ನೇ ಮಾಡಿದಾಗ ಇಲ್ಲುಗಿ ಚೆಂಡನ್ನು ಹೊರಗೆ ಒದ್ದು, ಸೊಂಟದ ಮೇಲೆ ಕೈಯಿಟ್ಟು, ಸೆಲ್ವೀಕಿನ ಬೆಂಚಿನ ಕಡೆ ತಿರುಗಿ ನೋಡಿದ. ಕೋಪದ ನೋಟವಲ್ಲ ಅದು. ಲೆಕ್ಕ ತಪ್ಪಿದಾಗ ಮತ್ತೆ ಮೊದಲಿನಿಂದ ಕೂಡುವವನ ಮುಖ.

ಆಗಲೂ ಹೊತ್ತು ಮೀರಿರಲಿಲ್ಲ. ಓತ್ತಾರ್‌ನನ್ನು ಬಲಪಕ್ಕಕ್ಕೆ ಕಳಿಸಬಹುದಿತ್ತು, ಹೊರಗೆ ಕರೆಯಬಹುದಿತ್ತು. ಮುಂದೆ ಎಷ್ಟೋ ವರ್ಷ ಹಾಲ್‌ಸ್ಟೈನ್ ಹಲ್ಲುಜ್ಜುವಾಗ, ಗಾಡಿ ಓಡಿಸುವಾಗ, ಎಂಜಿನಿನೊಳಗೆ ಕೈ ಹಾಕಿಕೊಂಡು ಕೂತಾಗ ಮರಳಿ ಹೋಗಿ ನಿಲ್ಲುತ್ತಿದ್ದುದು ಇದೇ ಜಾಗದಲ್ಲಿ. ಕೋಣೆಯಲ್ಲಿ ಬಾಯಿ ಜಾರಿತು ಎಂದಾದರೂ ಹೇಳಿಕೊಳ್ಳಬಹುದು. ಆದರೆ ಮಗ ನೋಡಿದ ಮೇಲೆ ಅವನು ಮಾಡಿದ್ದೇನು? ಗೆರೆಯವರೆಗೆ ಹೋಗಿ ಬಾಯಿಯ ಎರಡೂ ಬದಿ ಕೈ ಹಿಡಿದು ಕೂಗಿದ:

"ಇನ್ನೊಂದ್ಸಲ ಹೋಗು, ಓತ್ತಾರ್!"

ಓತ್ತಾರ್ ಹೋದ. ಹೊರಕ್ಕೆ ವಾಲಿದ, ಒಳಕ್ಕೆ ತಿರುಗಿದ. ಇಲ್ಲುಗಿ ಬಲಗಾಲು ಊರಿದ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಅವನು ಬಿದ್ದದ್ದನ್ನು ಹಾಲ್‌ಸ್ಟೈನ್ ನೋಡಿದ. ಓತ್ತಾರ್ ಹೊಡೆದ ಚೆಂಡು ಬಲೆಗೆ ಬಿದ್ದದ್ದನ್ನು ನೋಡಲಿಲ್ಲ. ಸುತ್ತಲಿನ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು, ಹೊಡೆಯುತ್ತಲೇ ಹೋದವು. ಮಗ ಬಾಯಿ ತೆರೆದು ಕೂಗುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಸಾಲ್ವೊರ್ ಏಪ್ರನ್ ಕಟ್ಟಿಕೊಂಡೇ ಮೈದಾನದೊಳಕ್ಕೆ ಓಡಿದಳು. ಮೊಣಕಾಲಿನ ಮೇಲೆ ಕೈಯಿಟ್ಟು ನೋಡಿ, ಯಾರ ಕಡೆಯೂ ತಿರುಗದೆ, ಸ್ಟ್ರೆಚರ್ ತರಿಸಿದಳು. ಹಾಲ್‌ಸ್ಟೈನ್ ಎರಡು ಹೆಜ್ಜೆ ಒಳಗೆ ಇಟ್ಟಿದ್ದ. ರೆಫರಿ ಅವನನ್ನು ಗೆರೆಯಾಚೆ ಕಳಿಸಿದ. ಉಳಿದ ಆಟ ಹೇಗೆ ನಡೆಯಿತೋ ಅವನಿಗೆ ನೆನಪಿಲ್ಲ. ಒಂದಕ್ಕೆ ಒಂದು, ಡ್ರಾ. ಸೆಲ್ವೀಕ್ ಮೇಲಿನ ಲೀಗಿನಲ್ಲಿ ಉಳಿಯಿತು.

ಜನ ನುಗ್ಗಿ ಬಂದು ಅವನನ್ನು ಹೆಗಲ ಮೇಲೆ ಎತ್ತಿದರು. "ಇಳಿಸ್ರೋ, ಇಳಿಸಿ," ಎಂದ. ಖುಷಿಗೆ ಹಾಗನ್ನುತ್ತಾನೆ ಎಂದುಕೊಂಡು ಇನ್ನೂ ಮೇಲಕ್ಕೆ ಎತ್ತಿದರು. ಆ ಎತ್ತರದಿಂದ ಅವನಿಗೆ ಆಂಬುಲೆನ್ಸು ಬಂದರಿನ ರಸ್ತೆಯಲ್ಲಿ ಮೆಲ್ಲಗೆ, ಕುಲುಕದ ಹಾಗೆ, ಆಸ್ಪತ್ರೆಯ ಕಡೆ ಹೋಗುತ್ತಿದ್ದುದು ಕಾಣಿಸಿತು.

ಅವನು ಆಸ್ಪತ್ರೆಗೆ ಹೋದಾಗ ಇಲ್ಲುಗಿ ಮಂಚದ ಮೇಲೆ ಒರಗಿದ್ದ. ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ಸಾಲ್ವೊರ್ ಕಾಲುಚೀಲವನ್ನು ಕತ್ತರಿಯಿಂದ ಬಿಡಿಸುತ್ತಿದ್ದಳು. ಮಾತಾಡುವಷ್ಟರಲ್ಲಿ ಓತ್ತಾರ್ ಬಂದ. ತಲೆ ಇನ್ನೂ ಒದ್ದೆ, ಕೈಯಲ್ಲೊಂದು ಚಾಕೊಲೇಟ್ ಡಬ್ಬಿ, ಕಣ್ಣು ಕೆಂಪು.

"ಕ್ಷಮಿಸು ಇಲ್ಲುಗಿ. ಆಣೆ ಮಾಡಿ ಹೇಳ್ತೀನಿ, ಇಷ್ಟು ಹಾಳಾಗಿದೆ ಅಂತ ಗೊತ್ತಿರ್ಲಿಲ್ಲ. ನೀನು ಬಲಗಾಲೂರಿ ತಿರುಗಲಾರೆ ಅಂತ ಅಷ್ಟೇ ನಿಮ್ಮಪ್ಪ ಹೇಳಿದ್ದು."

ಕತ್ತರಿ ನಿಂತಿತು. ಏನೋ ತಪ್ಪಾಯಿತು ಎಂದು ಓತ್ತಾರ್‌ಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದ.

"ನಿಂಗೆ ಗೊತ್ತಿತ್ತಾ?" ಎಂದಳು ಸಾಲ್ವೊರ್.

"ಹೋದ ಭಾನುವಾರ ಹೇಳಿದ್ದ. ಯಾರಿಗೂ ಹೇಳ್ಬೇಡ ಅಂದಿದ್ದ. ಅದ್ಕೇ ನಿಂಗೆ..."

"ನಾನು ನರ್ಸು, ಹಾಲ್‌ಸ್ಟೈನ್. ಒಂದು ಮಾತು ನನ್ನ ಕಿವಿಗೆ ಹಾಕಿದ್ದಿದ್ರೆ ಇವನು ಇವತ್ತು ಬೂಟು ಹಾಕ್ತಿರ್ಲಿಲ್ಲ." ಅವಳ ದನಿ ಏರಲೇ ಇಲ್ಲ. "ನಂಗೆ ಹೇಳ್ಲಿಲ್ಲ. ಓತ್ತಾರ್‌ಗೆ ಹೇಳಿದೆ."

"ಬಿಡಮ್ಮ," ಎಂದ ಇಲ್ಲುಗಿ. ನೋವಿಗೆ ಅವನ ತುಟಿ ಬೆಳ್ಳಗಾಗಿತ್ತು. "ಎದುರಾಳಿ ಯಾವ ಕಾಲಲ್ಲಿ ಕುಂಟ್ತಾನೆ ಅಂತ ಕೋಚ್ ಆದವನು ನೋಡೇ ನೋಡ್ತಾನೆ, ಅದು ಅವನ ಕೆಲ್ಸ." ಆಮೇಲೆ ಅಪ್ಪನ ಕಡೆ ತಿರುಗಿ, "ಆದ್ರೆ ಅಪ್ಪ, ಅವತ್ತು ನಾನು ಫೋನ್ ಮಾಡಿದ್ದು ಕೋಚ್‌ಗಲ್ಲ," ಎಂದ.

ಹಾಲ್‌ಸ್ಟೈನ್ ಬಾಗಿಲ ಬಳಿಯೇ ನಿಂತಿದ್ದ. ಒಳಗೆ ಬರಲು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆಯ ಸಣ್ಣ ವಿಮಾನದಲ್ಲಿ ಇಲ್ಲುಗಿಯನ್ನು ರಾಜಧಾನಿಗೆ ಕರೆದುಕೊಂಡು ಹೋದರು. ಸಾಲ್ವೊರ್ ಜೊತೆಗೆ ಹೋದಳು. ಆಪರೇಶನ್ ಆಯಿತು. ನಾರ್ವೆಯವರು ಬೇಗ ಗುಣವಾಗು ಎಂದು ಹೂಗುಚ್ಛ ಕಳಿಸಿದರು, ಬೇರೊಬ್ಬ ಬಲ ಬ್ಯಾಕ್‌ನನ್ನು ಕೊಂಡುಕೊಂಡರು.

ಊರಿನಲ್ಲಿ ಹಾಲ್‌ಸ್ಟೈನನಿಗೆ ಔತಣ ಏರ್ಪಾಡಾಯಿತು. ಓತ್ತಾರ್‌ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಕೋಣೆಯೊಳಗೆ ನಡೆದದ್ದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಯಾರಾದರೂ ತನ್ನ ಮುಖಕ್ಕೆ ಉಗಿಯಬಹುದು ಎಂದು ಹಾಲ್‌ಸ್ಟೈನ್ ಕಾದ. ಹಾಗಾದರೂ ಆಗಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ. ಆದರೆ ಬಿಸಿನೀರಿನ ತೊಟ್ಟಿಯಲ್ಲಿ ಗ್ರೀಮುರ್ ಅವನ ಒದ್ದೆ ಬೆನ್ನು ತಟ್ಟಿ, "ಗಂಡಸು ಅಂದ್ರೆ ನೀನು ಕಣಯ್ಯ. ಊರಿಗೋಸ್ಕರ ಸ್ವಂತ ಮಗ ಅಂತಾನೂ ನೋಡ್ಲಿಲ್ಲ," ಎಂದ. ಉಳಿದವರು ಹೌದು ಹೌದು ಎಂದು ತಲೆಯಾಡಿಸಿದರು. ಹಾಲ್‌ಸ್ಟೈನ್ ಎದ್ದು ಟವೆಲ್ ಸುತ್ತಿಕೊಂಡು ಹೊರಟ. ಮತ್ತೆ ಆ ತೊಟ್ಟಿಗೆ ಇಳಿಯಲಿಲ್ಲ.

ಚಳಿಗಾಲದ ನಡುವೆ ಕೋಚ್ ಕೆಲಸ ಬಿಟ್ಟ. ಹೊರಗಿನಿಂದ ಬೇರೊಬ್ಬ ಬಂದ. ಮರುವರ್ಷದ ಶರತ್ಕಾಲಕ್ಕೆ ಸೆಲ್ವೀಕ್ ಸದ್ದಿಲ್ಲದೆ ಕೆಳಗಿನ ಲೀಗಿಗೆ ಬಿತ್ತು. ಆಟ ಇನ್ನೂ ಬಾಕಿ ಇರುವಾಗಲೇ ಬಿದ್ದಾಗಿತ್ತು. "ನೀನಿದ್ದಿದ್ರೆ ಉಳೀತಿದ್ವಿ," ಎಂದು ಅಂಗಡಿಯಲ್ಲಿ ಯಾರೋ ಹೇಳಿದರು. ಹಾಲ್‌ಸ್ಟೈನ್ ಹಾಲು, ಬ್ರೆಡ್ಡು ತೆಗೆದುಕೊಂಡು ಮನೆಗೆ ಬಂದ. ಯಾವುದಕ್ಕಾಗಿ ಅಷ್ಟೆಲ್ಲ ಆಯಿತೋ ಅದು ಒಂದು ವರ್ಷವೂ ನಿಲ್ಲಲಿಲ್ಲ. ನಿಂತಿದ್ದರೂ ಅಷ್ಟೇ ಎಂದು ಅವನಿಗೆ ಆ ವೇಳೆಗೆ ಅರ್ಥವಾಗಿತ್ತು.

ಇಲ್ಲುಗಿ ಮರಳಿ ಆಡಲು ನೋಡಿದ. ಕೆಳಗಿನ ಲೀಗಿನ ತಂಡವೊಂದರಲ್ಲಿ ಒಂದು ಬೇಸಿಗೆ ಕುಂಟಿಕೊಂಡು ಆಡಿ ಬಿಟ್ಟ. ಎಲೆಕ್ಟ್ರಿಷಿಯನ್ ಕೆಲಸ ಕಲಿತ, ರಾಜಧಾನಿಯಲ್ಲೇ ಎಡ್ಡಾಳ ಜೊತೆ ಉಳಿದ. ಅಪ್ಪನ ಮೇಲೆ ಅವನು ಒಂದು ದಿನವೂ ರೇಗಲಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಿದ್ದ. ಬೆಟ್ಟದ ರಸ್ತೆ ತೆರೆದಿದೆಯಾ, ಈ ಸಲ ಮೀನು ಹೇಗಿದೆ, ಶೆಡ್ಡಿನ ಮಾಡು ಗಾಳಿಗೆ ತಡೆಯಿತಾ ಎಂದು ಕೇಳುತ್ತಿದ್ದ. ನೆರೆಯವರ ಜೊತೆ ಮಾತಾಡಿದ ಹಾಗೆ. ಹಾಲ್‌ಸ್ಟೈನ್ ಎಷ್ಟೋ ಸಲ ಬಾಯಿ ತೆರೆದು, "ಇಲ್ಲುಗಿ, ಅವತ್ತು..." ಎನ್ನುವಷ್ಟರಲ್ಲಿ ಮಗ, "ಸರಿ ಅಪ್ಪ, ಅಮ್ಮಂಗೆ ಕೊಡು," ಎಂದುಬಿಡುತ್ತಿದ್ದ.

ಒಂದು ವಸಂತದಲ್ಲಿ ಹಾಲ್‌ಸ್ಟೈನ್, ಸಾಲ್ವೊರ್ ಇಬ್ಬರೂ ತಮ್ಮ ಕಾರಿನಲ್ಲಿ ಮಗನ ಮನೆಗೆ ಹೋದರು. ಇಲ್ಲುಗಿ ಸಾಮಾನು ತರಲು ಹೋಗಿದ್ದ. ಸಾಲ್ವೊರ್ ಒಳಗೆ ಕೈಕಾಲು ತೊಳೆಯುತ್ತಿದ್ದಳು. ಎಡ್ಡಾ ಕಾಫಿ ಬಗ್ಗಿಸುತ್ತ ಮಾತಿಗೆ ಮಾತು ಬಂದು, "ಫೆಬ್ರವರಿಯಲ್ಲಿ ಮೊಣಕಾಲು ಎರಡನೇ ಸಲ ಕೊಯ್ದ ಮೇಲೆ ಮೆಟ್ಟಿಲು ಹತ್ತೋಕೆ ಪರವಾಗಿಲ್ಲ," ಎಂದಳು. ಅಷ್ಟು ಹೇಳಿ ಅವನ ಮುಖ ನೋಡಿ ನಿಲ್ಲಿಸಿದಳು.

"ನಿಂಗೆ ಗೊತ್ತಿರ್ಲಿಲ್ವಾ?"

"ಇಲ್ಲ," ಎಂದ ಹಾಲ್‌ಸ್ಟೈನ್.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ಒಂದು ಭಾರ, ಒಂದು ಹಗುರ. ಇಲ್ಲುಗಿ ಚೀಲಗಳನ್ನು ಕೆಳಗಿಟ್ಟು ಅಪ್ಪನ ಕೈ ಕುಲುಕಿದ.

"ಕಾಲು ಹೇಗಿದೆ ಮಗಾ?"

"ಚೆನ್ನಾಗಿದೆ ಅಪ್ಪ. ಏನೂ ತೊಂದ್ರೆ ಇಲ್ಲ. ರಸ್ತೆಯಲ್ಲಿ ಗಾಳಿ ಇತ್ತಾ?"

"ಇತ್ತು," ಎಂದ ಹಾಲ್‌ಸ್ಟೈನ್. "ಬೆಟ್ಟದ ಮೇಲೆ ಜೋರಾಗೇ ಇತ್ತು."

ಎರಡು ದಿನ ಇದ್ದು ಹೊರಟರು. ಮೇಲೆ ಮೋಡ, ಎಡಕ್ಕೆ ಬೂದು ಸಮುದ್ರ. ರಾಜಧಾನಿ ದಾಟಿ ಬಹಳ ದೂರ ಬಂದ ಮೇಲೆ ಹಾಲ್‌ಸ್ಟೈನ್ ಕೇಳಿದ, "ಫೆಬ್ರವರಿಯಲ್ಲಿ ನೀನು ಅಕ್ಕನ ಮನೆಗೆ ಅಂತ ಹೋಗಿದ್ದು..."

"ಇಲ್ಲುಗಿ ಹತ್ರ ಇದ್ದೆ."

"ನಂಗೆ ಹೇಳ್ಬಹುದಿತ್ತು."

"ಹೇಳ್ಬೇಡ ಅಂದಿದ್ದ."

ಅವನು ರಸ್ತೆಯನ್ನೇ ನೋಡುತ್ತ ಗಾಡಿ ಓಡಿಸಿದ. ಕಣ್ಣು ಮಂಜಾಗಿ ಬಂದಾಗ ವೈಪರ್ ಹಾಕಿದ. ಹೊರಗೆ ಮಳೆ ಇರಲಿಲ್ಲ. ಸಾಲ್ವೊರ್ ಅದನ್ನು ನೋಡಿದಳು. ಕೈ ಚಾಚಿ ವೈಪರ್ ನಿಲ್ಲಿಸಿ, "ಆ ಕಡೆ ನಿಲ್ಸು," ಎಂದಳು. "ಸ್ವಲ್ಪ ದೂರ ನಾನು ಓಡಿಸ್ತೀನಿ."